ಅಜ್ಜಿ ನಕ್ಷತ್ರದ ವಯಸ್ಸು

“ಗುರುಗಳೇ, ದೊಡ್ಡವರ ಕೆಲಸದಲ್ಲಿ ಚಿಕ್ಕವನೊಬ್ಬನಿಗೆ ತಪ್ಪು ಕಂಡಿತು ಎನ್ನಿ. ಅದನ್ನು ಹೇಳದೆ ಸುಮ್ಮನಿರುವುದೇ ಮರ್ಯಾದೆಯಲ್ಲವೇ?”

ಅನಂತೇಶ ಹೀಗೆ ಕೇಳಿದ್ದು ಬೆಳಗಿನ ಪಾಠ ಮುಗಿದ ಮೇಲೆ. ಅವನ ಗುರು ವೆಂಕಪ್ಪ ಜೋಯಿಸರು ಪಂಚಾಂಗ ಬರೆಯುವ ಮನೆತನದವರು. ತಿಥಿ, ಗ್ರಹಣ, ಸಂಕ್ರಮಣಗಳ ಲೆಕ್ಕವನ್ನು ಈಗಲೂ ಕೈಯಲ್ಲೇ ಹಾಕುತ್ತಿದ್ದರು, ಕಲಿಯಲು ಬಂದವರಿಗೆ ಕಲಿಸುತ್ತಿದ್ದರು. ನಾಲಿಗೆ ಸ್ವಲ್ಪ ಖಾರ. ಮನಸ್ಸು ಅಷ್ಟು ಖಾರವಲ್ಲ.

ಜೋಯಿಸರು ಶಿಷ್ಯನ ಮುಖವನ್ನು ಒಮ್ಮೆ ನೋಡಿದರು.

“ಪ್ರಶ್ನೆ ತಂದವನು ಉತ್ತರವನ್ನೂ ಅದರೊಳಗೇ ಸುತ್ತಿಕೊಂಡು ಬಂದಿದ್ದೀಯೆ. ನಾನು ತಲೆಯಾಡಿಸಿದರೆ ಸಾಕು ಎಂದು ಕಾಣುತ್ತದೆ. ತಲೆಯಾಡಿಸುವುದಿಲ್ಲ. ಒಂದು ಕತೆ ಹೇಳುತ್ತೇನೆ, ಕೂತುಕೋ,” ಎಂದರು.

ಅವರು ಹೇಳಿದ ಕತೆ ಇದು.

ಕೋಲಾರದ ಕಡೆ ಚಿನ್ನದ ಗಣಿಯ ಊರಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಹೆಸರು ಮುನಿರತ್ನಮ್ಮ. ಅವಳ ಅಪ್ಪ ಗಣಿಯೊಳಗೆ ಇಳಿದು ಬಂಡೆ ಒಡೆಯುವವನು. ಒಂದು ದಿನ ಅಪ್ಪ ಊಟಕ್ಕೆ ಕೂತಾಗ ಮಗಳು ಕೇಳಿದಳು.

“ಚಿನ್ನ ನೆಲದೊಳಗಿಂದ ಬರ್ತದೆ, ಸರಿ. ನೆಲದೊಳಗೆ ಯಾರಪ್ಪ ಇಟ್ಟಿದ್ದು?”

“ದೇವ್ರು,” ಎಂದ ಅಪ್ಪ.

“ದೇವ್ರಿಗೆ ಎಲ್ಲಿಂದ ಸಿಕ್ತು?”

ತಟ್ಟೆ ನೋಡಿಕೊಂಡು ಉಣ್ಣು ಎಂದು ಅಪ್ಪ ಗದರಿದ. ಹುಡುಗಿ ತಟ್ಟೆ ನೋಡಿಕೊಂಡು ಉಂಡಳು. ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. ಓದಿದಳು, ಖಗೋಳ ವಿಜ್ಞಾನಿಯಾದಳು, ಒಂದು ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಸೇರಿಕೊಂಡಳು. ಯಾವ ಬೆಟ್ಟ, ಯಾವ ಸಂಸ್ಥೆ ಎಂದು ಕೇಳಬೇಡ. ಕತೆಗೆ ಅದು ಬೇಕಾಗಿಲ್ಲ.

ನಮ್ಮದು ಗ್ರಹಗಳ ಓಡಾಟದ ಲೆಕ್ಕ. ಯಾವುದು ಯಾವ ಮನೆಯಲ್ಲಿದೆ ಎಂದು ನೋಡಿ ನಾವು ಸುಮ್ಮನಾಗುತ್ತೇವೆ. ಆಕೆಯದು ನಕ್ಷತ್ರಗಳ ಅಡುಗೆಮನೆಯ ಲೆಕ್ಕ. ಒಳಗೆ ಏನು ಬೇಯುತ್ತಿದೆ ಎಂದು ಹೊರಗೆ ನಿಂತು ಹೇಳಬೇಕು. ಅದು ಹೇಗೆ ಸಾಧ್ಯ ಎನ್ನುತ್ತೀಯೋ? ನಕ್ಷತ್ರದ ಬೆಳಕನ್ನು ಒಂದು ಯಂತ್ರದೊಳಗೆ ಹಾಯಿಸಿದರೆ ಅದು ಬಣ್ಣಬಣ್ಣದ ಪಟ್ಟಿಯಾಗಿ ಹರಡುತ್ತದೆ. ಆ ಪಟ್ಟಿಯ ಮೇಲೆ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಕಬ್ಬಿಣಕ್ಕೆ ಕಬ್ಬಿಣದ್ದೇ ಗೆರೆಗಳು, ಬೇರೆ ವಸ್ತುವಿಗೆ ಬೇರೆ ಗೆರೆಗಳು. ಗೆರೆ ಗಾಢವಾಗಿದ್ದರೆ ಆ ವಸ್ತು ಹೆಚ್ಚಿದೆ, ತೆಳುವಾಗಿದ್ದರೆ ಕಡಿಮೆಯಿದೆ. ಹೊಸಿಲ ಬಳಿ ನಿಂತು, ಬರೀ ಪರಿಮಳದಿಂದಲೇ ಸಾರಿಗೆ ಏನು ಹಾಕಿದ್ದಾಳೆ, ಏನು ಮರೆತಿದ್ದಾಳೆ ಎಂದು ಹೇಳಿಬಿಡುವ ಅತ್ತೆಯರನ್ನು ನೀನು ನೋಡಿರಬಹುದು. ಮುನಿರತ್ನಮ್ಮ ನಕ್ಷತ್ರಗಳಿಗೆ ಅಂಥ ಅತ್ತೆಯಾದಳು. ಆಕೆಯ ಕಣ್ಣಿಗೆ ಬಿದ್ದ ಮೇಲೆ ಯಾವ ನಕ್ಷತ್ರಕ್ಕೂ ಏನನ್ನೂ ಬಚ್ಚಿಡಲು ಆಗುತ್ತಿರಲಿಲ್ಲ.

ಕಬ್ಬಿಣದವರೆಗಿನ ವಸ್ತುಗಳನ್ನು ನಕ್ಷತ್ರ ತನ್ನ ಹೊಟ್ಟೆಯ ಬೆಂಕಿಯಲ್ಲೇ ಬೇಯಿಸಿಕೊಳ್ಳುತ್ತದೆ. ಕಬ್ಬಿಣ ದಾಟಿದ ಮೇಲೆ ಆ ಒಲೆಯ ಉರಿ ಸಾಲದು. ಹಾಗಾದರೆ ಚಿನ್ನದಂಥ ಭಾರದ ವಸ್ತುಗಳು ಎಲ್ಲಿ ಬೆಂದವು? ಅಪ್ಪ ತಟ್ಟೆ ತೋರಿಸಿ ತಪ್ಪಿಸಿಕೊಂಡ ಪ್ರಶ್ನೆಯೇ ಈಗ ದೊಡ್ಡ ದೊಡ್ಡ ವಿದ್ವಾಂಸರ ಮುಂದೆಯೂ ಕೂತಿತ್ತು.

ಮುನಿರತ್ನಮ್ಮ ಒಂದು ಉತ್ತರ ಕೊಟ್ಟಳು. ದೊಡ್ಡ ನಕ್ಷತ್ರ ಸತ್ತಾಗ ಅದರ ತಿರುಳು ಉಳಿಯುತ್ತದೆ. ಒಂದು ಊರಿನಷ್ಟು ಅಗಲ, ಸೂರ್ಯನಿಗಿಂತ ಹೆಚ್ಚು ಭಾರ. ಅಂಥ ಎರಡು ತಿರುಳುಗಳು ಕೆಲವೊಮ್ಮೆ ಒಂದನ್ನೊಂದು ಸುತ್ತುತ್ತ ಸುತ್ತುತ್ತ, ಬಹಳ ದೀರ್ಘ ಕಾಲದ ನಂತರ ಡಿಕ್ಕಿ ಹೊಡೆಯುತ್ತವೆ. ಚಿನ್ನ ಬೇಯುವ ಒಲೆ ಅದೇ ಎಂದಳು. ಹಾಗೆ ಹೇಳುವವರು ಆ ಕಾಲಕ್ಕೆ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಮಂದಿ. ಸಭೆಗಳಲ್ಲಿ ಕೆಲವರು ನಕ್ಕರು. ಆಕೆ ನಗುವವರ ಕಡೆಗೇ ತಿರುಗಿ ನಿಂತು ಎರಡನೆಯ ಸಲ ಹೇಳಿದಳು. ಗಣಿಯೂರಿನವಳು, ಬಂಡೆಗೆ ಹೆದರುವ ಜಾತಿಯಲ್ಲ. ತನ್ನ ಮಾತಿನ ಮೇಲೆ ಆಕೆಗೆ ಹೆಮ್ಮೆಯಿತ್ತು, ಮತ್ತು ಆ ಹೆಮ್ಮೆ ಆಕೆಗೆ ಒಪ್ಪುತ್ತಿತ್ತು.

ಅಷ್ಟರಲ್ಲಿ ಆಕೆಗೆ ಒಂದು ನಕ್ಷತ್ರ ಸಿಕ್ಕಿತು. ಮಂಕಾದ, ಯಾರೂ ತಿರುಗಿ ನೋಡದಂಥ ನಕ್ಷತ್ರ. ಅದರಲ್ಲಿ ಥೋರಿಯಂ ಎಂಬ ಭಾರದ ಲೋಹವನ್ನು ಆಕೆ ಹುಡುಕಿದಳು. ಡಬ್ಬಿಯಲ್ಲಿಟ್ಟ ಕರ್ಪೂರ ಯಾರೂ ಹಚ್ಚದಿದ್ದರೂ ಸವೆಯುತ್ತದಲ್ಲ, ಥೋರಿಯಂ ಕೂಡ ಹಾಗೆ, ತೀರ ನಿಧಾನವಾಗಿ ಸವೆಯುತ್ತದೆ. ಮೊದಲು ಎಷ್ಟಿತ್ತು ಎಂಬುದು ಅದರ ಜೊತೆಗೇ ಬೆಂದ, ಸವೆಯದ ಇನ್ನೊಂದು ವಸ್ತುವಿನಿಂದ ತಿಳಿಯುತ್ತದೆ. ಈಗ ಎಷ್ಟು ಉಳಿದಿದೆ ಎಂದು ಅಳೆದರೆ ನಕ್ಷತ್ರದ ವಯಸ್ಸು ಕೈಗೆ ಬಂತು. ಮುನಿರತ್ನಮ್ಮ ಅಳೆದಳು. ಥೋರಿಯಂ ಗೆರೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿತ್ತು. ಹಾಗಿದ್ದರೆ ಈ ನಕ್ಷತ್ರ ಅದುವರೆಗೆ ಕಂಡವುಗಳಲ್ಲೆಲ್ಲ ಹಳೆಯದು.

ಸುದ್ದಿ ದೇಶವಿದೇಶಕ್ಕೆ ಹೋಯಿತು. ಬೆಟ್ಟದ ಮೇಲಿನವರು ಆ ನಕ್ಷತ್ರವನ್ನು ಅಜ್ಜಿ ಎಂದೇ ಕರೆಯತೊಡಗಿದರು. ಅಜ್ಜಿಯ ಬೆಳಕಿನ ಪಟ್ಟಿಯನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ ವೀಕ್ಷಣಾಲಯದ ಸಭಾಂಗಣದಲ್ಲಿ ತೂಗುಹಾಕಿದರು. ಬಂದವರೆಲ್ಲ ಅದರ ಮುಂದೆ ಮುನಿರತ್ನಮ್ಮನನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಹೊರಗೆ ಜೈಕಾರ. ಒಳಗೆ ಆಕೆಗೆ ಸಂಕಟ ಶುರುವಾಗಿತ್ತು. ಅಜ್ಜಿ ಅಷ್ಟು ಹಿಂದೆ ಹುಟ್ಟಿದ್ದರೆ, ಅಷ್ಟರೊಳಗೆ ಎರಡು ಸತ್ತ ತಿರುಳುಗಳು ಸುತ್ತಿ ಸುತ್ತಿ ಡಿಕ್ಕಿ ಹೊಡೆಯಲು ಸಮಯವೆಲ್ಲಿತ್ತು? ಸಮಯವಿರಲಿಲ್ಲ. ಆದರೂ ಅಜ್ಜಿಯ ಮೈಯಲ್ಲಿ ಭಾರದ ವಸ್ತುಗಳಿವೆ. ಅಂದಮೇಲೆ ಅವು ಬೆಂದ ಒಲೆ ಬೇರೆಯದೇ ಇರಬೇಕು. ಅಂದಮೇಲೆ ತಾನು ಹೇಳಿದ್ದು ತಪ್ಪು.

ಬೇರೆಯವರಾಗಿದ್ದರೆ ಎರಡನ್ನೂ ಹೇಗೋ ಸರಿತೂಗಿಸಿಕೊಂಡು ಹೋಗುತ್ತಿದ್ದರು. ಈಕೆ ಹಾಗೆ ಮಾಡಲಿಲ್ಲ. ಡಿಕ್ಕಿಯ ವಿಚಾರವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅಜ್ಜಿ ಅದನ್ನು ಸುಳ್ಳು ಮಾಡಿದ್ದಾಳೆ ಎಂದು ತಾನೇ ಬರೆದು ಪ್ರಕಟಿಸಿದಳು. ನಂಬಿದ್ದನ್ನು ತಾನೇ ಕೈಯಾರೆ ಕೆಡವುವುದಕ್ಕೆ ಎಂಥ ಗಟ್ಟಿ ಎದೆ ಬೇಕು ಯೋಚಿಸು. ಕೆಡವಿದ ಮೇಲೆ ಹೊಸ ಒಲೆ ಹುಡುಕಲು ಹೊರಟಳು. ಸಿಗಲಿಲ್ಲ. ಇದ್ದರಲ್ಲವೇ ಸಿಗುವುದು?

ಈಗ ಶಿಷ್ಯನ ವಿಷಯಕ್ಕೆ ಬರುತ್ತೇನೆ. ಗದಗಿನ ಕಡೆಯಿಂದ ಚನ್ನವೀರ ಎಂಬ ಯುವಕ ಆಕೆಯ ಬಳಿ ಸಂಶೋಧನೆಗೆ ಸೇರಿದ. ಹೊಸದಾಗಿ ಬಂದಾಗ ಬೆಟ್ಟದ ಊಟ ಅವನಿಗೆ ಸೇರದೆ ಸೊರಗಿಹೋದ. ಮುನಿರತ್ನಮ್ಮ ಅಡುಗೆಯವನ ಪಕ್ಕದಲ್ಲಿ ನಿಂತು, ತನಗೆ ಮಾಡಲು ಬಾರದ ಜೋಳದ ರೊಟ್ಟಿಯನ್ನು ತಾನೇ ತಟ್ಟಿ ಬಡಿಸಿದಳಂತೆ. ರೊಟ್ಟಿ ಹರಿದು ಚೂರಾಯಿತು, ಆದರೂ ಅವನು ಪೂರ್ತಿ ತಿಂದ. ಅಂದಿನಿಂದ ಅವನಿಗೆ ಆಕೆ ತಾಯಿಯೂ ಹೌದು, ಗುರುವೂ ಹೌದು. ಕೆಲಸದಲ್ಲಿ ಮಾತ್ರ ತಾಯಿಯ ಲವಲೇಶವೂ ಇರಲಿಲ್ಲ. ಒಂದು ಗೆರೆಯನ್ನು ತಪ್ಪಾಗಿ ಓದಿದರೆ ಅದೇ ಪಟ್ಟಿಯನ್ನು ಮತ್ತೆ ಮತ್ತೆ ಓದಿಸುತ್ತಿದ್ದಳು. ಕಣ್ಣು ಪಳಗುವವರೆಗೆ ಬಿಡುತ್ತಿರಲಿಲ್ಲ.

ಹಾಗೆ ಪಳಗಿದ ಕಣ್ಣಿಗೆ ಒಂದು ದಿನ ಬೀಳಬಾರದ್ದು ಬಿತ್ತು.

ಬಣ್ಣದ ಪಟ್ಟಿಯ ಮೇಲೆ ಯಾವ ಗೆರೆ ಎಲ್ಲಿದೆ ಎಂದು ತಿಳಿಯಲು ಒಂದು ಅಳತೆಪಟ್ಟಿ ಬೇಕು. ಈ ವಿದ್ಯೆಯವರು ಅದಕ್ಕೊಂದು ದೀಪ ಇಟ್ಟುಕೊಂಡಿರುತ್ತಾರೆ. ಆ ದೀಪದ ಬೆಳಕಿನಲ್ಲಿ ಸಣ್ಣ ಸಣ್ಣ, ಸ್ಪಷ್ಟವಾದ, ಹೊಳೆಯುವ ಗೆರೆಗಳು ಸಾಲಾಗಿ ಬರುತ್ತವೆ. ನಕ್ಷತ್ರದ ಪಟ್ಟಿಯನ್ನು ಅದರ ಪಕ್ಕಕ್ಕಿಟ್ಟು ಅಳೆಯುತ್ತಾರೆ. ಬೇರೆ ಕಡೆ ಸಾಮಾನ್ಯವಾಗಿ ದೀಪದ ಚಿತ್ರವನ್ನು ಮೊದಲೋ ಆಮೇಲೋ ತೆಗೆಯುತ್ತಿದ್ದರು. ಮುನಿರತ್ನಮ್ಮ ಎರಡನ್ನೂ ಒಟ್ಟಿಗೆ ತೆಗೆಯುವ ಏರ್ಪಾಡನ್ನು ತಾನೇ ಯೋಚಿಸಿ ಮಾಡಿದ್ದಳು. ನಕ್ಷತ್ರದ ಬೆಳಕು ಒಂದು ದಾರಿಯಲ್ಲಿ, ದೀಪದ್ದು ಪಕ್ಕದ ದಾರಿಯಲ್ಲಿ, ನಡುವೆ ಒಂದು ತಡೆ. ಯಂತ್ರ ಕೂದಲೆಳೆಯಷ್ಟು ಅಲುಗಿದರೂ ಎರಡೂ ಒಟ್ಟಿಗೆ ಅಲುಗುತ್ತವೆ, ಅಳತೆ ತಪ್ಪುವುದಿಲ್ಲ. ಜಾಣತನದ ಏರ್ಪಾಡೇ ಸರಿ. ಆದರೆ ಆ ದೀಪದೊಳಗೆ ಇದ್ದ ಲೋಹ ಯಾವುದು ಗೊತ್ತೇ? ಥೋರಿಯಂ.

ಒಮ್ಮೆ ದೀಪ ಕೆಟ್ಟಿತು. ರಿಪೇರಿಯಾಗಿ ಬರುವವರೆಗೆ ಕಾಯುವ ತಾಳ್ಮೆಯಿಲ್ಲದೆ ಚನ್ನವೀರ ದೀಪವಿಲ್ಲದೆಯೇ ಅಜ್ಜಿಯ ಬೆಳಕನ್ನು ಹಿಡಿದ. ಥೋರಿಯಂ ಗೆರೆ ಕಪ್ಪಗೆ, ದಪ್ಪಗೆ ಎದ್ದು ನಿಂತಿತ್ತು. ದೀಪ ಸರಿಯಾಗಿ ಬಂದ ಮೇಲೆ ಹಚ್ಚಿ ನೋಡಿದ. ಗೆರೆ ಮಸುಕಾಯಿತು. ಆರಿಸಿ ನೋಡಿದ. ಮತ್ತೆ ಕಪ್ಪಗಾಯಿತು.

ತಡೆಯಲ್ಲಿ ಎಲ್ಲೋ ಸೂಜಿಮೊನೆಯಷ್ಟು ಸಂದು. ದೀಪದ ಥೋರಿಯಂ ಹೊಳಪು ಅದರೊಳಗಿಂದ ನುಸುಳಿ, ನಕ್ಷತ್ರದ ಥೋರಿಯಂ ಕಪ್ಪನ್ನು ತುಂಬಿಬಿಡುತ್ತಿತ್ತು. ಪ್ರಕಾಶದ ನಕ್ಷತ್ರಗಳಲ್ಲಿ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಜ್ಜಿಯಂಥ ಮಂಕು ನಕ್ಷತ್ರಕ್ಕೆ ಬಹಳ ಹೊತ್ತು ಯಂತ್ರ ತೆರೆದಿಡಬೇಕು, ಅಷ್ಟು ಹೊತ್ತೂ ಸೋರಿಕೆ ಸೇರುತ್ತ ಹೋಗುತ್ತಿತ್ತು. ಬೆಲ್ಲ ತೂಗುವವನು ತಕ್ಕಡಿಯ ತಟ್ಟೆಗೇ ಬೆಲ್ಲ ಮೆತ್ತಿರುವುದನ್ನು ಮರೆತಂತೆ ಆಗಿತ್ತು. ಅಜ್ಜಿಯಲ್ಲಿ ಥೋರಿಯಂ ಬೇಕಾದಷ್ಟಿತ್ತು. ಅಜ್ಜಿ ಅಷ್ಟೇನೂ ಮುದುಕಿಯಾಗಿರಲಿಲ್ಲ.

ಚನ್ನವೀರನಿಗೆ ಸಭಾಂಗಣದ ಗೋಡೆಯ ಮೇಲಿನ ಪಟ್ಟಿ ನೆನಪಾಯಿತು. ಅದರ ಮುಂದೆ ನಿಂತ ಗುರುವಿನ ಮುಖ ನೆನಪಾಯಿತು. ಹರಿದ ರೊಟ್ಟಿಯೂ ನೆನಪಾಗಿರಬೇಕು. ಇದನ್ನು ಹೇಳಿದರೆ ಆ ತಾಯಿ ತಲೆ ಎತ್ತಿ ಓಡಾಡುವುದು ಹೇಗೆ ಎಂದುಕೊಂಡ. ಅವರ ತಪ್ಪನ್ನು ಎತ್ತಿ ಆಡಲು ನಾನು ಯಾರು ಎಂದುಕೊಂಡ. ತಡೆಯ ಸಂದಿಗೆ ಕಪ್ಪು ಬಟ್ಟೆ ಅಂಟಿಸಿ ಭದ್ರ ಮಾಡಿದ. ಆ ಚಿತ್ರಗಳನ್ನು ಅಳಿಸಿದ. ಮತ್ತೆಂದೂ ಅಜ್ಜಿಯ ಕಡೆಗೆ ದೂರದರ್ಶಕ ತಿರುಗಿಸಲಿಲ್ಲ. ಮುನಿರತ್ನಮ್ಮನಿಗೂ ಹೊಸದಾಗಿ ತಿರುಗಿಸುವ ಕಾರಣವಿರಲಿಲ್ಲ, ಆಕೆಯ ಮಟ್ಟಿಗೆ ಅಜ್ಜಿಯ ವಯಸ್ಸು ಗಟ್ಟಿಯಾಗಿಬಿಟ್ಟಿತ್ತು. ಚನ್ನವೀರ ತನ್ನ ಈ ಕೆಲಸಕ್ಕೆ ಗುರುಭಕ್ತಿ ಎಂದು ಹೆಸರಿಟ್ಟುಕೊಂಡ. ಮೈಗಳ್ಳತನಕ್ಕೆ, ಹೆದರಿಕೆಗೆ, ಎಲ್ಲಕ್ಕೂ ನಾವು ಒಳ್ಳೆಯ ಹೆಸರನ್ನೇ ಇಟ್ಟುಕೊಳ್ಳುತ್ತೇವೆ, ನೋಡು.

ವರ್ಷಗಳು ಹೋದವು. ಮುನಿರತ್ನಮ್ಮ ಇಲ್ಲದ ಒಲೆಯನ್ನು ಹುಡುಕುತ್ತಲೇ ಇದ್ದಳು. ಒಂದು ಲೆಕ್ಕ ಹಾಕುವುದು, ಅದು ಅಜ್ಜಿಯ ಹತ್ತಿರ ಬಂದು ಮುರಿದುಬೀಳುವುದು, ಇನ್ನೊಂದು ಲೆಕ್ಕ ಹಾಕುವುದು. ಜೊತೆಯಲ್ಲಿದ್ದವರು ಬೇರೆ ಬೇರೆ ಕೆಲಸ ಹಿಡಿದರು. ಆಕೆಯ ಕೂದಲು ಬೆಳ್ಳಗಾಯಿತು, ಕಣ್ಣಿಗೆ ಪೊರೆ ಬಂತು. “ಅಜ್ಜಿ ಬಲೇ ಹಟಮಾರಿ ಕಣಪ್ಪ, ಏನ್ ಮಾಡಿದ್ರೂ ಬಾಯಿ ಬಿಡ್ತಿಲ್ಲ,” ಎಂದು ಶಿಷ್ಯನಿಗೆ ಹೇಳುತ್ತಿದ್ದಳು. ಶಿಷ್ಯ ತಲೆ ತಗ್ಗಿಸಿ, ಕಾಫಿ ತರುತ್ತೇನೆ ಎಂದು ಎದ್ದು ಹೋಗುತ್ತಿದ್ದ. ಆ ಬೆಟ್ಟದ ಮೇಲೆ ಅವನಷ್ಟು ಕಾಫಿ ತಂದುಕೊಟ್ಟ ಶಿಷ್ಯ ಇನ್ನೊಬ್ಬನಿರಲಿಲ್ಲ.

ಕೊನೆಗೆ ಆಕೆ ನಿವೃತ್ತಳಾಗುವ ಕಾಲ ಬಂತು. ದೊಡ್ಡ ಸನ್ಮಾನ ಗೊತ್ತಾಯಿತು. ಹಿಂದಿನ ದಿನ ಮಧ್ಯಾಹ್ನ ಆಕೆ ಚನ್ನವೀರನನ್ನು ತನ್ನ ಕೋಣೆಗೆ ಕರೆದು, ತನ್ನ ಕುರ್ಚಿಯಲ್ಲೇ ಕೂರಿಸಿದಳು.

“ನನ್ನ ಕೈಲಿ ಆಗ್ಲಿಲ್ಲ ಚನ್ನವೀರ. ಚಿಕ್ಕವಳಿದ್ದಾಗ ನಮ್ಮಪ್ಪನ್ನ ಕೇಳಿದ ಪ್ರಶ್ನೆ ಇದು, ಇನ್ನೂ ಉತ್ತರ ಸಿಕ್ಕಿಲ್ಲ. ಇನ್ಮೇಲೆ ಅಜ್ಜಿ ನಿನ್ನವಳು. ಈ ಗಂಟು ಬಿಚ್ಚೋ ತನಕ ಅವಳನ್ನ ಬಿಡಲ್ಲ ಅಂತ ನಂಗೆ ಮಾತು ಕೊಡು. ನಿನ್ನ ಆಯಸ್ಸೇ ಹಿಡಿದ್ರೂ ಸರಿ,” ಎಂದು ಕೈ ಚಾಚಿದಳು.

ಆ ಕೈಯ ಮೇಲೆ ಕೈ ಇಡಲು ಅವನಿಗಾಗಲಿಲ್ಲ. ಕುರ್ಚಿಯಿಂದ ಎದ್ದು ನಿಂತ.

“ಮೇಡಂ, ಅಜ್ಜಿ ಅಷ್ಟು ಮುದುಕಿ ಅಲ್ರಿ,” ಎಂದ.

ಆಮೇಲೆ ಎಲ್ಲವನ್ನೂ ಹೇಳಿದ. ದೀಪ ಕೆಟ್ಟದ್ದು, ಗೆರೆ ಕಪ್ಪಗಾದದ್ದು, ಸಂದಿಗೆ ಬಟ್ಟೆ ಅಂಟಿಸಿದ್ದು.

ಆಕೆ ಸಿಟ್ಟಾಗಲಿಲ್ಲ. ಅಳಲೂ ಇಲ್ಲ. “ನಡಿ, ನೋಡೋಣ,” ಎಂದಳು, ಅಷ್ಟೆ. ಹಾಡುಹಗಲು, ದೂರದರ್ಶಕಕ್ಕೆ ಮುಚ್ಚಳ ಹಾಕಿತ್ತು. ಆಕೆ ಮುಚ್ಚಳ ತೆಗೆಸಲಿಲ್ಲ. ತಡೆಯ ಮೇಲಿನ ಕಪ್ಪು ಬಟ್ಟೆಯನ್ನು ತಾನೇ ಕಿತ್ತಳು, ದೀಪವನ್ನೊಂದೇ ಹಚ್ಚಿದಳು, ಅಜ್ಜಿಗೆ ಎಷ್ಟು ಹೊತ್ತು ಕಾಯುತ್ತಿದ್ದಳೋ ಅಷ್ಟೇ ಹೊತ್ತು ಯಂತ್ರದ ಮುಂದೆ ಕೂತಳು. ಚಿತ್ರ ಬಂತು. ನಕ್ಷತ್ರವೇ ಇಲ್ಲದ ದಾರಿ, ಪೂರ್ತಿ ಕತ್ತಲಾಗಿರಬೇಕಿತ್ತು. ಆ ಕತ್ತಲಲ್ಲಿ, ಥೋರಿಯಂ ಇರುವ ಜಾಗದಲ್ಲೇ, ಒಂದು ತೆಳು ಗೆರೆ ಹೊಳೆಯುತ್ತಿತ್ತು.

ಮುನಿರತ್ನಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಪೊರೆ ಬಂದ ಕಣ್ಣನ್ನು ಹತ್ತಿರಕ್ಕೆ ತಂದು ನೋಡಿದಳು.

“ಇದನ್ನ ಯಾವಾಗ ಕಂಡೆ?” ಎಂದು ಕೇಳಿದಳು.

“ನಾ ಬಂದ ಹೊಸದಾಗ್ರಿ,” ಎಂದ ಚನ್ನವೀರ. “ನಿಮ್ಮ ಮರ್ಯಾದಿ ಹೋಗತೈತಿ ಅಂತ ಸುಮ್ಮನಿದ್ದೆ ಮೇಡಂ.”

ಈಗ ನೀನು ಹೇಳು, ಆಕೆ ಏನೆನ್ನಬೇಕಿತ್ತು? ಅವನ ಆ ಮರ್ಯಾದೆ ಆಕೆಯಿಂದ ಏನೇನು ಕಸಿದಿತ್ತು ಯೋಚಿಸು. ಅಜ್ಜಿ ಅಷ್ಟು ಹಳೆಯವಳಲ್ಲದಿದ್ದರೆ ತಿರುಳುಗಳು ಡಿಕ್ಕಿ ಹೊಡೆಯಲು ಬೇಕಾದಷ್ಟು ಸಮಯವಿತ್ತು. ಆಕೆ ಮೊದಲು ಹೇಳಿದ್ದೇ ನಿಲ್ಲುತ್ತಿತ್ತು. ನಿಜವನ್ನು ಕೈಯಲ್ಲಿ ಹಿಡಿದಿದ್ದವಳು ಒಂದು ದೀಪದ ಮಾತು ಕೇಳಿ ಅದನ್ನು ಎಸೆದಿದ್ದಳು. ಎಸೆದದ್ದು ಆಕೆಯ ತಪ್ಪು, ಒಪ್ಪೋಣ. ಎತ್ತಿಕೊಳ್ಳಬಹುದು ಎಂದು ಗೊತ್ತಿದ್ದವನು ಪಕ್ಕದಲ್ಲೇ ಕಾಫಿ ಹಿಡಿದು ನಿಂತಿದ್ದ. ಸುಳ್ಳು ಕೀರ್ತಿಯನ್ನು ಕಾಯಲು ಹೋಗಿ ನಿಜವಾದ ಕೀರ್ತಿಯನ್ನೂ, ಕಣ್ಣು ಚೆನ್ನಾಗಿದ್ದ ವರ್ಷಗಳನ್ನೂ ಹಾಳುಮಾಡಿದ್ದ. ನಾನಾಗಿದ್ದರೆ ಬೆತ್ತ ಹುಡುಕುತ್ತಿದ್ದೆ.

ಮುನಿರತ್ನಮ್ಮ ಅದಾವುದನ್ನೂ ಎತ್ತಲಿಲ್ಲ.

“ಕತ್ತೆ,” ಎಂದಳು. “ನನ್ನ ಶಿಷ್ಯನ ಕಣ್ಣು ನನಗಿಂತ ಚೂಪು ಅಂತ ಅವತ್ತೇ ಗೊತ್ತಾಗಿದ್ರೆ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ ಕಣೋ. ಎದೆ ಉಬ್ಬಿಸ್ಕೊಂಡು ತಿರುಗ್ತಿದ್ದೆ. ಇಷ್ಟು ವರ್ಷದ ಹೆಮ್ಮೆ ನನಗೆ ಸಿಗದ ಹಾಗೆ ಮಾಡಿಬಿಟ್ಟೆಯಲ್ಲೋ.”

ಆಗ ಚನ್ನವೀರ ಅತ್ತ. ಬೈದಿದ್ದರೆ ಅಳುತ್ತಿರಲಿಲ್ಲವಂತೆ. ಇದನ್ನು ಅವನೇ ನನಗೆ ಹೇಳಿದ್ದು. ಆ ಬೆಟ್ಟದ ಬುಡದ ಊರಿನಲ್ಲಿ ನನ್ನ ತಂಗಿಯ ಮನೆಯಿದೆ, ನಾನು ಹೋದಾಗಲೆಲ್ಲ ಬಂದು ಮಾತಾಡಿಸಿಕೊಂಡು ಹೋಗುತ್ತಾನೆ.

ಮರುದಿನ ಸಭಾಂಗಣ ತುಂಬಿತ್ತು. ಬೇರೆ ಬೇರೆ ಊರುಗಳಿಂದ, ಹೊರದೇಶದಿಂದಲೂ ವಿದ್ವಾಂಸರು ಬಂದಿದ್ದರು. ನಿರ್ದೇಶಕರು ಶಾಲು ಹೊದಿಸಿ, ಹಾರ ಹಾಕಿ, ಜಗತ್ತಿನ ಅತಿ ಹಳೆಯ ನಕ್ಷತ್ರವನ್ನು ಕಂಡ ಮಹಾ ವಿಜ್ಞಾನಿ ಎಂದು ಹೊಗಳಿದರು. ಚಪ್ಪಾಳೆ ನಿಂತ ಮೇಲೆ ಮುನಿರತ್ನಮ್ಮ ಮಾತಿಗೆ ಎದ್ದಳು. ವಯಸ್ಸಿಗೆ ಬಾಗಿದ್ದ ಬೆನ್ನು ಅಂದು ನೆಟ್ಟಗಿತ್ತು ಎಂದು ನೋಡಿದವರು ಹೇಳುತ್ತಾರೆ.

“ನೀವು ಹೊಗಳಿದ ನಕ್ಷತ್ರ ಹಳೆಯದಲ್ಲ,” ಎಂದಳು. “ನನ್ನ ದೀಪದ ಬೆಳಕು ಅದರ ಬೆಳಕಿನೊಳಗೆ ಸೋರಿತ್ತು, ನನಗೆ ಗೊತ್ತಾಗಲಿಲ್ಲ. ಅದನ್ನು ಕಂಡುಹಿಡಿದವನು ನನ್ನ ಶಿಷ್ಯ ಚನ್ನವೀರ. ಅಗೋ, ಹಿಂದೆ ಕೂತಿದ್ದಾನೆ. ಏಳಪ್ಪ, ಎಲ್ಲರೂ ನೋಡಲಿ.”

ಕೆಲವರು ಗೋಡೆಯ ಮೇಲಿನ ಚಿತ್ರವನ್ನು ನೋಡಿದರು, ಕೆಲವರು ನೆಲ ನೋಡಿದರು. ನಿರ್ದೇಶಕರಿಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ.

ಮುನಿರತ್ನಮ್ಮ ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡಳು. “ಈ ಶಾಲನ್ನು ನಾನು ವಾಪಸು ಕೊಡುವುದಿಲ್ಲ. ಅಜ್ಜಿಗಾಗಿ ಅಲ್ಲ. ನನ್ನ ತಪ್ಪನ್ನು ಹಿಡಿಯುವಂಥ ಕಣ್ಣನ್ನು ನಾನೇ ಪಳಗಿಸಿದ್ದೇನೆ. ಅದಕ್ಕೆ ಇದು ನನಗೆ ಸಲ್ಲಬೇಕಾದದ್ದೇ,” ಎಂದು ಹೇಳಿ ಕೂತಳು.

ಮೊದಲು ಚಪ್ಪಾಳೆ ತಟ್ಟಿದವರು, ಹಿಂದೆ ಯಾವುದೋ ಸಭೆಯಲ್ಲಿ ಆಕೆಯನ್ನು ನೋಡಿ ನಕ್ಕಿದ್ದ ಒಬ್ಬ ಮುದುಕರು. ಆಮೇಲೆ ಸಭೆಯೆಲ್ಲ ಎದ್ದು ನಿಂತಿತು. ಈ ಭಾಗ ಹೇಳುವಾಗ ನನಗೇ ಎದೆ ತುಂಬಿ ಬರುತ್ತದೆ. ಅಪ್ಪ ನೆಲದೊಳಗಿಂದ ಚಿನ್ನ ತೆಗೆದ, ಮಗಳು ತಾನೇ ಬೆಳೆಸಿದ ಸುಳ್ಳಿನೊಳಗಿಂದ ನಿಜ ತೆಗೆದಳು. ನಮ್ಮ ನೆಲದಲ್ಲಿ ಇಂಥವರೂ ಹುಟ್ಟಿದ್ದಾರೆ.

ಒಂದು ಮಾತನ್ನು ಗಮನಿಸು. ಚನ್ನವೀರ ಅದನ್ನು ಯಾವಾಗ ಕಂಡ ಎಂದು ಆಕೆ ಸಭೆಗೆ ಹೇಳಲಿಲ್ಲ. ಆ ದಿನವೂ ಹೇಳಲಿಲ್ಲ, ಮುಂದೆಯೂ ಯಾರಿಗೂ ಹೇಳಲಿಲ್ಲ. ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದಾಗ ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತಂತೆ.

ನಿವೃತ್ತಳಾದ ಮೇಲೆ ಮುನಿರತ್ನಮ್ಮ ತನ್ನ ಹಳೆಯ ವಿಚಾರವನ್ನು ಮತ್ತೆ ಎತ್ತಿಕೊಂಡಳು. ಕಣ್ಣು ಸಾಲದು, ಲೆಕ್ಕ ಚನ್ನವೀರ ಓದಿ ಹೇಳುತ್ತಿದ್ದ. ಎಲ್ಲವೂ ಕೂಡಿ ಬರುತ್ತಿತ್ತು. ಆದರೆ ಅಷ್ಟರಲ್ಲಿ ಬೇರೆ ದೇಶದವರು ಅದೇ ದಾರಿಯಲ್ಲಿ ಬಹಳ ಮುಂದೆ ಹೋಗಿಬಿಟ್ಟಿದ್ದರು. ಎರಡು ಸತ್ತ ತಿರುಳುಗಳು ಡಿಕ್ಕಿ ಹೊಡೆದದ್ದು ಕೊನೆಗೊಮ್ಮೆ ಕಂಡಿತು. ಆ ಬೆಳಕಿನಲ್ಲಿ ಭಾರದ ವಸ್ತುಗಳ ಗುರುತೂ ಸಿಕ್ಕಿತು. ಜಗತ್ತೆಲ್ಲ ಕುಣಿಯಿತು. ಹಿಂದೆಯೇ ಹಾಗೆ ಹೇಳಿದವರ ಹೆಸರುಗಳನ್ನು ಬರೆಯುವಾಗ ಈಕೆಯ ಹೆಸರನ್ನೂ ಒಂದು ಕಡೆ ಬರೆದರು. ಆಮೇಲೆ ಇವರೇ ಅದನ್ನು ಕೈಬಿಟ್ಟರು ಎಂದೂ ಪಕ್ಕದಲ್ಲೇ ಬರೆದರು. ಅದು ಸುಳ್ಳಲ್ಲವಲ್ಲ, ಏನು ಮಾಡುವುದು?

ಆಕೆಗೆ ಅದರ ಬೇಸರವಿತ್ತು. ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಸುದ್ದಿ ಬಂದ ದಿನ ಗಣಿಯೂರಿನ ತನ್ನ ಬೀದಿಯಲ್ಲಿ, ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು, “ನಿಮ್ಮ ಕಿವಿಯಲ್ಲಿರೋ ಓಲೆ ಎಲ್ಲಿ ಬೆಂದಿದ್ದು ಗೊತ್ತೇನ್ರಮ್ಮ?” ಎಂದು ಕೇಳಿ, ತಾನೇ ಉತ್ತರ ಹೇಳಿದಳಂತೆ. ಅಪ್ಪನ ಫೋಟೋದ ಮುಂದೆಯೂ ಹೋಗಿ ನಿಂತು ಹೇಳಿದಳಂತೆ. ಆಮೇಲೆ ಚನ್ನವೀರನ ಕೈ ಹಿಡಿದು, ಇವನು ನನ್ನ ಶಿಷ್ಯ, ನನ್ನ ತಪ್ಪು ಹಿಡಿದವನು ಎಂದು ಬೀದಿಗೆಲ್ಲ ಪರಿಚಯ ಮಾಡಿಸಿದಳು. ಸಾಯುವವರೆಗೂ ಆಕೆ ಅವನನ್ನು ಪರಿಚಯ ಮಾಡಿಸುತ್ತಿದ್ದುದು ಹಾಗೆಯೇ.

ಜೋಯಿಸರು ಇಲ್ಲಿಗೆ ಕತೆ ನಿಲ್ಲಿಸಿ, ಪಕ್ಕದಲ್ಲಿದ್ದ ತಂಬಿಗೆಯಿಂದ ನೀರು ಕುಡಿದರು.

ಅನಂತೇಶ ಮೆಲ್ಲಗೆ ಕೇಳಿದ. “ಹಾಗಾದರೆ ಆ ಚನ್ನವೀರ ಒಳ್ಳೆಯ ಶಿಷ್ಯನೋ, ಕೆಟ್ಟ ಶಿಷ್ಯನೋ?”

“ಒಳ್ಳೆಯವನೇ, ತಡಮಾಡಿದ ಅಷ್ಟೆ,” ಎಂದರು ಜೋಯಿಸರು. “ಅದಿರಲಿ, ನನ್ನ ಲೆಕ್ಕದಲ್ಲಿ ನಿನಗೆ ತಪ್ಪು ಕಂಡು ಎಷ್ಟು ದಿನವಾಯಿತು?”